ಸೊಟ್ಟ ವಜ್ರದ ರಿಪೇರಿ

ಗ್ರೋಟೆಲ್ ಊರಿನ ರೆಮಿ ಹೋರ್ಮನ್ಸ್‌ಗೆ ಹಲ್ಲು ಗಟ್ಟಿಯಿತ್ತು, ನಾಲಿಗೆ ಚೊಕ್ಕವಾಗಿತ್ತು. ಆದರೆ "ಆಗಲ್ಲ" ಅನ್ನುವ ಮಾತು ಆ ಬಾಯಿಂದ ಹೊರಟದ್ದನ್ನು ಕೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ಅವನದು. ಆ ಕಿಟಕಿಯ ಹಿಂದೆ ಟಿಕೆಟ್ಟಿಗಿಂತ ಹೆಚ್ಚಾಗಿ ಊರವರ ಕೊಡೆಗಳು, ಪಾರಿವಾಳದ ಬುಟ್ಟಿಗಳು, ಹೊಲಿಯಲು ಕೊಟ್ಟ ಪ್ಯಾಂಟುಗಳು ಇರುತ್ತಿದ್ದವು. ಒಮ್ಮೆ ಪಾದ್ರಿಗಳ ಹೆಬ್ಬಾತುಗಳೂ ಇದ್ದವು. "ರೆಮಿ, ಸಂಜೆವರೆಗೆ ಇಟ್ಕೊಂಡಿರ್ತೀಯಾ?" ಎಂದರೆ "ಅದಕ್ಕೇನಂತೆ, ಇಡಿ" ಅನ್ನುವವನು. ಇಂಥವನು ನಲವತ್ತು ದಾಟಿದ ಮೇಲೆ ಮದುವೆಯಾಗುವ ಮನಸ್ಸು ಮಾಡಿದ, ಅದೂ ಸೋಯ್ ವೆರ್ಬಿಸ್ಟ್‌ನ ಮಗಳು ವೀರ್ಲೆಯನ್ನು. ಸುದ್ದಿ ಕೇಳಿ ಊರಿಗೆ ಊರೇ ಬೆಚ್ಚಿಬಿತ್ತು.

ಬೆಚ್ಚಿಬೀಳುವುದಕ್ಕೆ ಕಾರಣ ಸೋಯ್. ನಮ್ಮ ಕೆಂಪೆನ್ ಸೀಮೆಯಲ್ಲಿ ಒಂದು ಕಾಲಕ್ಕೆ ಮನೆಮನೆಯ ಹಿತ್ತಲಲ್ಲೂ ವಜ್ರಕ್ಕೆ ಸಾಣೆ ಹಿಡಿಯುವ ಚಕ್ರವಿತ್ತು. ಆಂಟ್‌ವರ್ಪ್ ಪಟ್ಟಣದಿಂದ ಮಂಕು ಕಲ್ಲು ಬರುತ್ತಿತ್ತು, ಹೊಳೆಯುತ್ತ ವಾಪಸು ಹೋಗುತ್ತಿತ್ತು. ಆಮೇಲೆ ಕೆಲಸವೆಲ್ಲ ಸೂರತ್ತಿಗೆ ಹೋಯಿತು, ಚಕ್ರಗಳು ನಿಂತವು, ಆದರೆ ಮುದುಕರ ಕೈತುರಿಕೆ ನಿಲ್ಲಲಿಲ್ಲ. ಅವರ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದೀತು, ಭೂತಗನ್ನಡಿ ಇದ್ದೇ ಇರುತ್ತದೆ. ಇವರೆಲ್ಲರಿಗಿಂತ ಸೋಯ್ ಒಂದು ಕೈ ಮೇಲು. ಸೊಟ್ಟಗಿದ್ದದ್ದು ಕಣ್ಣಿಗೆ ಬಿದ್ದರೆ ಅವನಿಗೆ ಊಟ ಸೇರದು. ಮಗಳ ಹಲ್ಲು, ಮಗಳ ಕೈಬರಹ, ಮಗಳು ಸೈಕಲ್ ಹತ್ತುವ ರೀತಿ, ಎಲ್ಲವನ್ನೂ ತಿದ್ದಿ ತಿದ್ದಿ ಬೆಳೆಸಿದವನು. ಊಟದ ಮೇಜಿನಲ್ಲಿ ಭೂತಗನ್ನಡಿ ಕಣ್ಣಿಗೆ ಹಿಡಿದು, "ನಿನ್ನ ಎಡಗಿವಿ ಬಲಗಿವಿಗಿಂತ ಒಂದು ಕೂದಲಷ್ಟು ಕೆಳಗಿದೆ ಕಣೇ" ಎಂದು ಹೆತ್ತ ಮಗಳಿಗೆ ಹೇಳಿದ ಮಹಾನುಭಾವ.

ಹಾಗಾಗಿ ವೀರ್ಲೆ ಮದುವೆಗೆ ಒಂದೇ ಷರತ್ತು ಹಾಕಿದಳು.

"ನಂಗೆ ಹೊಸ ಕಲ್ಲು ಬೇಡ ರೆಮಿ. ಅಪ್ಪ ಜನ್ಮವಿಡೀ ಮಾಡಿದ್ದು ಅದನ್ನೇ, ಒಂದರ ಹಾಗೇ ಇನ್ನೊಂದು. ನೀನು ಹಳೇ ಕಾಲದ್ದು ತಗೊಂಡ್ ಬಾ. ಯಾವುದೋ ಅಜ್ಜಿ ಹಾಕ್ಕೊಂಡಿದ್ದು. ಸೊಟ್ಟಗಿರ್ಬೇಕು, ಯಾರೂ ತಿದ್ದಿರಬಾರ್ದು. ಭಾನುವಾರ ನಿಶ್ಚಿತಾರ್ಥದ ಊಟ ಇದೆಯಲ್ಲ, ಅಲ್ಲೀವರೆಗೆ ಅದು ಅಪ್ಪನ ಕೈಗೆ ಸಿಗಬಾರ್ದು. ಇಷ್ಟು ಮಾಡಿದ್ರೆ ಕಣ್ಣುಮುಚ್ಚಿ ನಿನ್ನ ಹಿಂದೆ ಬರ್ತೀನಿ. ಒಂದು ಕಲ್ಲನ್ನೇ ಅವರಿಂದ ಕಾಪಾಡೋಕೆ ಆಗ್ಲಿಲ್ಲ ಅಂದ್ರೆ, ನನ್ನ ಕಾಪಾಡ್ತೀಯಾ? ನೀನೇ ಹೇಳು."

"ಅದಕ್ಕೇನಂತೆ" ಎಂದ ರೆಮಿ.

ಅಪ್ಪನಿಂದ ಬಂದಿದ್ದ ಹುಲ್ಲುಗಾವಲು ಮಾರಿದ. ಆಂಟ್‌ವರ್ಪ್‌ನ ವಜ್ರದ ಬೀದಿಯಲ್ಲಿ ಹಳೇ ಒಡವೆಯ ವ್ಯಾಪಾರಿಯೊಬ್ಬನ ಹತ್ತಿರ ಒಂದು ಕಲ್ಲು ಸಿಕ್ಕಿತು. ದೊಡ್ಡ ಬಟಾಣಿಯಷ್ಟಿತ್ತು. ದುಡ್ಡು ಕೊಡುವ ಮೊದಲು ಬೆಲೆ ಕಟ್ಟಿಸಿ ನೋಡಬೇಕೆಂದು ಮಹಡಿಯ ಮೇಲಿದ್ದ ಶ್ರೀಮತಿ ಟೆರ್ಲಿಂಡನ್ ಅವರ ಮುಂದೆ ಇಟ್ಟ. ಬೀದಿಯಲ್ಲೇ ಬಿಗಿ ಹೆಂಗಸು ಎಂದು ಹೆಸರಾದವರು ಅವರು. ಕಲ್ಲನ್ನು ನೋಡಿದವರು ಉಸಿರು ಬಿಡುವುದನ್ನೇ ಮರೆತರು. ಹೃದಯಾಘಾತವೇನೋ ಎಂದು ರೆಮಿ ಎದ್ದು ನಿಂತ.

"ಅಬ್ಬಾ!" ಎಂದರು ಕೊನೆಗೆ. "ಇದು ಮೋಂಬತ್ತಿ ಬೆಳಕಿಗೆ ಅಂತ ಮಾಡಿದ ಕಲ್ಲು. ಕಣ್ಣಳತೇಲಿ ಸಾಣೆ ಹಿಡಿದಿದ್ದಾರೆ. ನೋಡಿ, ದುಂಡಗಿಲ್ಲ, ದಿಂಬಿನ ಹಾಗಿದೆ. ಎಡಗಡೆ ಊದಿಕೊಂಡಿದೆ. ಮೇಲಿಂದ ನೋಡಿದ್ರೆ ನಡುವೆ ತೂತಿನ ಹಾಗೆ ಕಾಣುತ್ತಲ್ಲ? ತೂತಲ್ಲ ಅದು. ಆಗಿನವರು ಕಲ್ಲಿನ ತಳ ಚೂಪು ಮಾಡದೆ ಚಪ್ಪಟೆ ಬಿಡ್ತಿದ್ರು. ಇದರ ಬೆಲೆ ಇರೋದೇ ಈ ಸೊಟ್ಟದಲ್ಲಿ. ಯಾರೂ ಮುಟ್ಟಕೂಡದು. ಗೊತ್ತಾಯ್ತಾ?"

"ಅದಕ್ಕೇನಂತೆ ಮೇಡಂ."

ಉಂಗುರದ ಚಿನ್ನದ ಕೆಲಸ ಶನಿವಾರಕ್ಕೆ ಮುಗಿಯುತ್ತದೆ ಎಂದ ವ್ಯಾಪಾರಿ. "ಕಲ್ಲನ್ನ ಅಲ್ಲೀತನಕ ಮನೆಗೆ ತಗೊಂಡು ಹೋಗ್ತೀರಾ?" ಎಂದೂ ಕೇಳಿದ. ಬೇರೆಯವರಾಗಿದ್ದರೆ ಬೇಡ, ನಿಮ್ಮ ತಿಜೋರಿಯಲ್ಲೇ ಇರಲಿ ಅನ್ನುತ್ತಿದ್ದರು. ಆದರೆ ಕೇಳಿದ್ದು ರೆಮಿಯನ್ನು. ಕಲ್ಲು ಪೊಟ್ಟಣವಾಗಿ ಅವನ ಅಂಗಿಯ ಜೇಬು ಸೇರಿತು.

ಆ ಪೊಟ್ಟಣದಿಂದಲೇ ಎಲ್ಲ ಕೆಟ್ಟಿತು. ವಜ್ರದ ಪೊಟ್ಟಣ ಮಡಿಸುವ ರೀತಿಯೇ ಬೇರೆ. ಒಳಗೆ ತಿಳಿನೀಲಿ ಹಾಳೆ, ಹೊರಗೆ ಬಿಳಿ ಹಾಳೆ, ಮಡಿಕೆಯೊಳಗೆ ಮಡಿಕೆ. ಬೇರೆ ಊರಿನವರು ಅದನ್ನು ತಲೆನೋವಿನ ಪುಡಿ ಅಂದುಕೊಂಡಾರು, ಗ್ರೋಟೆಲ್‌ನಲ್ಲಿ ತೊಟ್ಟಿಲ ಮಗುವಿಗೂ ಅದರ ಗುರುತಿದೆ. ರೆಮಿ ಮನೆಯ ಗೇಟು ತೆರೆಯುವಾಗ ಪಕ್ಕದ ಮನೆಯ ಕಾರೆಲ್ ಗುಲಾಬಿ ಗಿಡ ಕತ್ತರಿಸುತ್ತಿದ್ದ. ಜೇಬಿನಿಂದ ಇಣುಕುತ್ತಿದ್ದ ಬಿಳಿ ತುದಿ ಅವನ ಕಣ್ಣಿಗೆ ಬಿತ್ತು.

"ಜೇಬಲ್ಲಿ ಏನೋ ಅದು?"

"ಏನಿಲ್ಲ ಕಾರೆಲ್ ಅಣ್ಣ."

"ಏನಿಲ್ಲದ್ದನ್ನ ಇಷ್ಟು ಚೆನ್ನಾಗಿ ಮಡಚ್ತಾರೇನೋ? ಕೊಡಿಲ್ಲಿ."

ಕಾರೆಲ್ ತನ್ನ ಕಾಲದಲ್ಲಿ ತಳದ ಕೆಲಸಗಾರ. ಕಲ್ಲಿನ ಕೆಳಭಾಗ ಬಿಟ್ಟರೆ ಪ್ರಪಂಚದಲ್ಲಿ ಇನ್ನೊಂದು ಭಾಗ ಇದೆಯೆಂದು ಅವನು ಒಪ್ಪುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದವನು ಹಾಗೇ ಹೂಕುಂಡದ ಮೇಲೆ ಕುಸಿದ.

"ತೂತು!" ಎಂದು ಕಿರುಚಿದ. ಒಳಗಿಂದ ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ಅಯ್ಯಯ್ಯೋ, ನೋಡೇ ಇಲ್ಲಿ! ನಮ್ಮ ರೆಮಿಗೆ ತೂತಿರೋ ಕಲ್ಲು ಮಾರಿದ್ದಾರೆ!"

"ಅದು ತೂತಲ್ವಂತೆ. ಮೇಡಂ ಹೇಳಿದ್ರು..."

"ಯಾವ ಮೇಡಮ್ಮೋ? ಚಕ್ರದ ಮುಂದೆ ಕೂತು ಸೊಂಟ ನೋಯಿಸ್ಕೊಂಡಿದ್ದಾರಾ ಅವರು ಒಂದಿನ? ಸುಮ್ನಿರು. ತಳ ಚೂಪು ಮಾಡಿ ಕೊಡ್ತೀನಿ. ಒಂದು ಕಾಸೂ ಬೇಡ, ನಿನ್ನ ನಿಶ್ಚಿತಾರ್ಥಕ್ಕೆ ನನ್ನ ಉಡುಗೊರೆ. ಬೇಡ ಅಂತೀಯಾ?"

ಹಾಗೆ ಬಾಯಿಬಿಟ್ಟು ಕೇಳಿದರೆ ರೆಮಿ ಏನು ತಾನೆ ಹೇಳಿಯಾನು! ಕಾರೆಲ್ ಹಿತ್ತಲಿಗೆ ಹೋದ. ಎಷ್ಟೋ ವರ್ಷದ ಮೇಲೆ ಆ ಓಣಿಯಲ್ಲಿ ಸಾಣೆಚಕ್ರದ ಸದ್ದು ಕೇಳಿತು. ರೆಮಿಗೆ ಒಂದು ಸಮಾಧಾನವಿತ್ತು. ವೀರ್ಲೆ ಹೇಳಿದ್ದು ಅಪ್ಪನ ಕೈಗೆ ಸಿಗಬಾರದೆಂದು, ಕಾರೆಲ್ ಅವಳ ಅಪ್ಪನಲ್ಲ. ಈ ತರ್ಕದಲ್ಲಿ ತಪ್ಪಿದೆಯೆಂದು ಯಾವ ವಕೀಲನೂ ಹೇಳಲಾರ.

ಮರುದಿನ ಕಲ್ಲು ವಾಪಸು ಬಂತು, ತಳ ಸೂಜಿಯಂತಿತ್ತು. ಆದರೆ ಕಲ್ಲು ಬರುವ ಮೊದಲೇ ಸುದ್ದಿ ಊರು ಸುತ್ತಿತ್ತು. ಬ್ರೆಡ್ಡು ಕೊಡುವಾಗ ಬೇಕರಿಯವಳು ರೆಮಿಯ ಕೈ ಹಿಡಿದುಕೊಂಡು, "ಮನಸ್ಸಿಗೆ ಹಚ್ಕೋಬೇಡಿ, ಒಳ್ಳೆಯವರಿಗೇ ಹೀಗಾಗೋದು" ಎಂದು ಒಂದು ಬನ್ನು ಪುಕ್ಕಟೆ ಕೊಟ್ಟಳು. ಪಾದ್ರಿಗಳು ರಸ್ತೆಯ ಆಚೆಯಿಂದಲೇ ಶಿಲುಬೆಯ ಗುರುತು ಮಾಡಿದರು. ಯಾರೋ ಸತ್ತಿದ್ದಾರೆಂದು ರೆಮಿ ಟೋಪಿ ತೆಗೆದ.

ಮಧ್ಯಾಹ್ನದ ರೈಲಿಗೆ ಪಂದ್ಯದ ಪಾರಿವಾಳದ ಬುಟ್ಟಿ ಕಳಿಸಲು ಲೋವಿ ಚಿಕ್ಕಪ್ಪ ಸ್ಟೇಷನ್ನಿಗೆ ಬಂದ. ಚಿಕ್ಕಪ್ಪ ಒಂದು ಕಾಲಕ್ಕೆ ಸುತ್ತಿನ ಕೆಲಸಗಾರ. ಕಲ್ಲಿನ ಅಂಚನ್ನು ದುಂಡು ಮಾಡುವುದೇ ಅವನ ಬಾಳಿನ ಗುರಿಯಾಗಿತ್ತು. ತಳದ ಕೆಲಸದವರನ್ನು ಕಂಡರೆ ಅವನಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ.

"ಕಾರೆಲ್ ಕೈಗೆ ಕೊಟ್ಯಂತೆ? ನಿನ್ನ ಸ್ವಂತ ಚಿಕ್ಕಪ್ಪ ಇನ್ನೂ ಬದುಕಿದ್ದೀನಿ ಕಣಯ್ಯ! ತೋರ್ಸು." ನೋಡಿ ಕಣ್ಣು ಕಿರಿದು ಮಾಡಿದ. "ದೇವರೇ! ಇದೇನು ವಜ್ರಾನಾ, ಆಲೂಗಡ್ಡೇನಾ? ತಳ ಚೂಪು ಮಾಡಿದ್ದಾನೆ, ಸರಿ. ಆದರೆ ಸುತ್ತು? ಹೀಗೇ ಹಾಕ್ಕೊಂಡ್ರೆ ಹುಡುಗಿ ಬೆರಳಿಗೆ ಬಾವು ಬಂದಿದೆ ಅಂತಾರೆ ಜನ. ನಿಮ್ಮಪ್ಪ ಇದ್ದಿದ್ರೆ ನಂಗೆ ಕೊಡು ಅಂತಿದ್ದ. ಕೊಡಲ್ಲ ಅಂತೀಯಾ?"

ಚಿಕ್ಕಪ್ಪನೂ ವೀರ್ಲೆಯ ಅಪ್ಪನಲ್ಲ. ಕಲ್ಲು ಹೋಯಿತು, ದುಂಡಗಾಗಿ ಬಂತು. ದುಂಡಗಾದದ್ದನ್ನು ಕಾರೆಲ್ ಬೇಲಿಯ ಮೇಲಿಂದ ನೋಡಿ ಕೆಂಡವಾದ.

"ಆ ಪಾರಿವಾಳದವನು ನನ್ನ ಚೂಪನ್ನ ನಡುವಿಂದ ಆಚೆ ತಳ್ಳಿದ್ದಾನೆ! ಕೊಡಿಲ್ಲಿ!"

ಕಾರೆಲ್ ಚೂಪನ್ನು ನಡುವಿಗೆ ತಂದ. ಹಾಗೆ ತರುವಾಗ ಸುತ್ತು ಕೆಟ್ಟಿತೆಂದು ಚಿಕ್ಕಪ್ಪ ಒಯ್ದ. ಸುತ್ತು ಸರಿಮಾಡುವಾಗ ಚೂಪು ಕೆಟ್ಟಿತೆಂದು ಕಾರೆಲ್ ಒಯ್ದ. ಇಬ್ಬರೂ ಎದುರಾಬದುರಾ ಸಿಕ್ಕಾಗ ಟೋಪಿ ಎತ್ತಿ ನಮಸ್ಕಾರ ಹೇಳುತ್ತಿದ್ದರು, ಬೆನ್ನು ತಿರುಗಿದ ಕೂಡಲೇ ಒಬ್ಬರನ್ನೊಬ್ಬರು ಕಟುಕ ಅನ್ನುತ್ತಿದ್ದರು. ನಡುವೆ ರೆಮಿ ಪೊಟ್ಟಣ ಹೊತ್ತು ಓಡಾಡಿದ. ಶುಕ್ರವಾರದ ಹೊತ್ತಿಗೆ ಬಟಾಣಿ ಕರಗಿ ಮೆಣಸಿನಕಾಳಾಗಿತ್ತು. ಇದು ಕಣ್ಣಿನ ದೋಷವಿರಬೇಕೆಂದು ರೆಮಿ ಕನ್ನಡಕ ಒರೆಸಿಕೊಂಡ.

ಶುಕ್ರವಾರ ಮಧ್ಯಾಹ್ನ ಟಿಕೆಟ್ ಕಿಟಕಿಯ ಮುಂದೆ ಒಂದು ಕಪ್ಪು ಕೋಟು ಬಂದು ನಿಂತಿತು. ಚರ್ಚಿಗೆ ಹಾಕುವ ಕೋಟು. ಒಳಗೆ ಸೋಯ್ ಇದ್ದ.

"ಎ... ಎಲ್ಲಿಗೆ ಮಾವ?"

"ಎಲ್ಲಿಗೂ ಇಲ್ಲ." ಮುದುಕನ ಗಲ್ಲ ನಡುಗುತ್ತಿತ್ತು. "ಕಾರೆಲ್ ನೋಡಿದ. ಲೋವಿ ನೋಡಿದ. ಬೇಕರಿಯವಳಿಗೂ ಅದರ ಸುದ್ದಿ ಗೊತ್ತು. ನನ್ನ ಮಗಳ ಉಂಗುರದ ಕಲ್ಲು, ಅದನ್ನ ನಾನು ನೋಡಬಾರದು! ಈ ಊರಲ್ಲಿ ಕಲ್ಲಿಗೆ ಹೊಳೆಯೋ ಮುಖಗಳನ್ನ ಕೂರಿಸೋದರಲ್ಲಿ ನನ್ನ ಬಿಟ್ಟರೆ ಯಾರಿದ್ದಾರೆ ಹೇಳು. ಸತ್ತವನ ಹಾಗೆ ನನ್ನ ಪಕ್ಕಕ್ಕಿಟ್ಟಿದ್ದೀರಲ್ಲಪ್ಪ."

ಕಣ್ಣೊರೆಸಿಕೊಂಡ. ಅದು ನಾಟಕವಾಗಿದ್ದರೆ ರೆಮಿ ಹೇಗೋ ತಡೆದುಕೊಳ್ಳುತ್ತಿದ್ದ, ಆದರೆ ಕಣ್ಣೀರು ನಿಜವಾಗಿತ್ತು. ಒಂದು ಕಡೆ ಕೊಟ್ಟ ಮಾತು, ಇನ್ನೊಂದು ಕಡೆ ಅಳುವ ಮಾವ. ಅವನ ಹಿಂದೆ ಲೀರ್ ಊರಿನ ರೈಲಿಗೆ ಕಾದವರ ಸಾಲು. ಕೊನೆಗೆ ರೆಮಿಗೆ ಒಂದು ಉಪಾಯ ಹೊಳೆಯಿತು. ಕೈಗೆ ತಾನೆ ಕೊಡಬಾರದು? ಪೊಟ್ಟಣ ಬಿಚ್ಚಿ ಚಿಲ್ಲರೆ ಇಡುವ ತಟ್ಟೆಯಲ್ಲಿ ಕಲ್ಲನ್ನಿಟ್ಟು ಕಿಟಕಿಯಾಚೆ ತಳ್ಳಿದ.

ಸೋಯ್ ಬಗ್ಗಿ ನೋಡಿದ. ಬಗ್ಗಿದವನು ಏಳಲಿಲ್ಲ. ಸಾಲಿನಲ್ಲಿದ್ದವರು "ರೈಲು ಬಂತು, ರೈಲು ಬಂತು" ಎಂದು ಬೊಬ್ಬೆ ಹಾಕಿದರು. ರೈಲು ಬಂದು ಹೋಯಿತು.

"ಯಾವ ಪಾಪಿಗಳು ಮಾಡಿದ್ದು ಇದನ್ನ!" ಎಂದು ಗೊಗ್ಗರು ದನಿಯಲ್ಲಿ ಹೇಳಿ, ಜೇಬಿನಿಂದ ಚಿಮಟ ತೆಗೆದು ಕಲ್ಲನ್ನು ಎತ್ತಿಕೊಂಡ. "ಮಗಳು ಏನೋ ಷರತ್ತು ಹಾಕಿದಾಳಂತೆ, ಗೊತ್ತು ನಂಗೆ. ನೋಡು, ಕೈಯಲ್ಲಿ ಮುಟ್ಟಿಲ್ಲ."

ಶನಿವಾರ ಬೆಳಗ್ಗೆ ವಾಪಸು ಕೊಡುವಾಗ ಸೋಯ್ ಹತ್ತು ವರ್ಷ ಚಿಕ್ಕವನಾಗಿದ್ದ. ಕಲ್ಲೂ ಚಿಕ್ಕದಾಗಿತ್ತು. ಸಾಸಿವೆಗಿಂತ ತುಸು ದಪ್ಪ. "ಈಗ ಒಯ್ದು ಬೆಲೆ ಕಟ್ಟಿಸು. ಆ ಮೇಡಂ ಕುರ್ಚಿಯಿಂದ ಬೀಳದಿದ್ರೆ ನನ್ನ ಹೆಸರು ಸೋಯ್ ಅಲ್ಲ" ಎಂದ.

ಅದೊಂದು ಮಾತ್ರ ನಿಜವಾಯಿತು. ಶ್ರೀಮತಿ ಟೆರ್ಲಿಂಡನ್ ಪೊಟ್ಟಣ ಬಿಚ್ಚಿದರು, ಕೊಡವಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಎಲ್ರೀ, ಬಿದ್ದುಹೋಯ್ತಾ?"

"ಇಲ್ಲ ಮೇಡಂ, ನಿಮ್ಮ ಹೆಬ್ಬೆರಳಿನ ಪಕ್ಕದಲ್ಲೇ ಇದೆ."

"ಇದು ಯಾವುದು?"

"ಅದೇ."

ಅವರು ಕೂತರು, ಆದರೆ ಕುರ್ಚಿ ಪಕ್ಕದಲ್ಲಿತ್ತು. ಪಕ್ಕದ ಕೋಣೆಯವರು ನೀರು ತಂದರು. ನೀರು ಕುಡಿದು ಫೋನಿಗೆ ಕೈಹಾಕಿದರು. "ಪೊಲೀಸರಿಗೆ ಹೇಳ್ತೀನಿ. ಅದಲು ಬದಲು ಮಾಡಿದ ಕಳ್ಳ ಯಾರು, ಹೇಳಿ!"

"ಕಳ್ಳರು ಯಾರೂ ಇಲ್ಲ ಮೇಡಂ. ಅಕ್ಕಪಕ್ಕದವರು ಪ್ರೀತಿಯಿಂದ ರಿಪೇರಿ ಮಾಡಿಕೊಟ್ರು."

"ರಿಪೇರಿ!" ಫೋನು ಕೈಜಾರಿತು. "ಮಿಕ್ಕ ವಜ್ರ ಎಲ್ಲಿ?"

"ಚಕ್ರದ ಮೇಲಿದೆ. ಪುಡಿಯಾಗಿ, ಎಣ್ಣೆ ಜತೆ."

ಅವರು ಫೋನು ಎತ್ತಿ ಅದರ ಜಾಗದಲ್ಲಿಟ್ಟರು. ಆಮೇಲೆ ಕೆಲಸಕ್ಕೆ ನಿಯತ್ತಿನವರಾದ್ದರಿಂದ ಭೂತಗನ್ನಡಿ ಹಿಡಿದು ನೋಡಿದರು. "ಎಲ್ಲೂ ಕೂದಲೆಳೆಯಷ್ಟು ಲೋಪ ಇಲ್ಲ. ಇಂಥ ಅಚ್ಚುಕಟ್ಟು ಕೆಲಸ ನಾನು ನೋಡೇ ಇಲ್ಲ" ಎಂದು ಬಿಕ್ಕಿದರು. "ಇದರ ಬೆಲೆಗೆ ಎರಡು ಮೊಲ ಬರಬಹುದು. ದಪ್ಪ ಮೊಲ ಅಲ್ಲ."

ಕೆಳಗೆ ಉಂಗುರ ಸಿದ್ಧವಾಗಿತ್ತು, ದೊಡ್ಡ ಬಟಾಣಿಯ ಅಳತೆಗೆ. ಆ ಚಿನ್ನದ ಬಟ್ಟಲಿನ ನಡುವೆ ರೆಮಿ ಸಾಸಿವೆಯನ್ನು ಇಟ್ಟು ಮೇಣದಿಂದ ಅಂಟಿಸಿದ. ರೈಲಿನಲ್ಲಿ ಊರಿಗೆ ಬರುವಾಗ ಮೊದಲ ಸಲ ಅವನಿಗೆ ಭಯವಾಯಿತು. ಹುಲ್ಲುಗಾವಲು ಹೋಯಿತೆಂದಲ್ಲ. ವೀರ್ಲೆ ಹೋದರೆ ಆ ಟಿಕೆಟ್ ಕಿಟಕಿಯ ಹಿಂದೆ ಊರವರ ಕೊಡೆಗಳ ಜತೆ ಮುದಿಯಾಗಬೇಕಲ್ಲ ಎಂದು. ಹೇಗಾದರೂ ಅವಳಿಗೆ ಮೊದಲೇ ಹೇಳಿಬಿಡಬೇಕು ಅಂದುಕೊಂಡ. ಸ್ಟೇಷನ್ನಿನಲ್ಲಿ ಯಾರೋ ಒಂದು ಮೇಜು ಹೊತ್ತುಕೊಡು ಅಂದರು, ಹೊತ್ತುಕೊಟ್ಟ, ಹೊತ್ತಾಗಿಹೋಯಿತು.

ಭಾನುವಾರ ಸೋಯ್ ಮನೆಯಲ್ಲಿ ಒಣ ಪ್ಲಮ್ ಹಾಕಿ ಬೇಯಿಸಿದ ಮೊಲ, ಕರಿದ ಆಲೂಗಡ್ಡೆ ಉಂಡೆ, ಗಾಢ ಬಣ್ಣದ ಬಿಯರು. ಕಾರೆಲ್ ದಂಪತಿ ಬಂದಿದ್ದರು, ಲೋವಿ ಚಿಕ್ಕಪ್ಪ ಬಂದಿದ್ದ. ಎಲ್ಲರೂ ತಾವು ಮಾಡಿದ ಉಪಕಾರ ನೆನೆದು ಗಂಭೀರವಾಗಿದ್ದರು. ಸೂಪು ಬಡಿಸಿದ ಮೇಲೆ ರೆಮಿ ಉಂಗುರದ ಡಬ್ಬಿ ಮುಂದಿಟ್ಟ. ವೀರ್ಲೆ ನಗುನಗುತ್ತ ತೆರೆದಳು. ನಗು ಅಲ್ಲೇ ನಿಂತಿತು.

"ಕಲ್ಲೆಲ್ಲಿ?"

ಮೂರು ಭೂತಗನ್ನಡಿಗಳು ಒಟ್ಟಿಗೆ ಹೊರಬಂದವು. "ಅಲ್ಲಿದೆಯಲ್ಲಮ್ಮ, ತಳ ನೋಡು ತಳ" ಎಂದ ಕಾರೆಲ್. "ಸುತ್ತು ನೋಡಮ್ಮ, ಚಂದ್ರನ ಹಾಗಿದೆ" ಎಂದ ಚಿಕ್ಕಪ್ಪ. "ಮುಖಗಳು ಯಾರ ಕೈದು ಅಂತ ಕೇಳು" ಎಂದು ಎದೆ ಉಬ್ಬಿಸಿದ ಸೋಯ್.

ವೀರ್ಲೆ ಅವರಲ್ಲಿ ಯಾರನ್ನೂ ನೋಡಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಒಂದು ಸಲನಾದ್ರೂ ಆಗಲ್ಲ ಅಂದ್ಯಾ ರೆಮಿ? ಒಬ್ಬರಿಗಾದ್ರೂ?"

"ಪಾಪ, ಬೇಸರ ಮಾಡ್ಕೋತಾರೆ ಅಂತ..."

"ನಂಗೆ ಬೇಸರ ಆಗಲ್ವಾ?" ಅವಳು ಡಬ್ಬಿ ಆಚೆ ತಳ್ಳಿದಳು. "ಎಲ್ಲರಿಗೂ ಹೂಂ ಅನ್ನೋನು ನಂಗೂ ಹೂಂ ಅಂದಿದ್ದಕ್ಕೆ ಏನು ಬೆಲೆ? ನಾನು ಕೇಳ್ದೆ ಅಂತ ಅಂದೆ ಅಷ್ಟೆ. ಬೇರೆ ಯಾರು ಕೇಳಿದ್ರೂ ಅಂತಿದ್ದೆ." ಕುರ್ಚಿಯಿಂದ ಎದ್ದು ಕೋಟಿಗೆ ಕೈಹಾಕಿದಳು.

ಕಾರೆಲ್ ಮತ್ತು ಚಿಕ್ಕಪ್ಪ ಭೂತಗನ್ನಡಿ ಜೇಬಿಗೆ ಸೇರಿಸಿದರು. ಸೋಯ್ ಮಾತ್ರ ಇನ್ನೂ ಉಂಗುರದ ಮೇಲೆ ಬಗ್ಗಿದ್ದ. "ಕೂತ್ಕೊಳೇ, ಒಂದು ನಿಮಿಷ. ಈ ಬೆಳಕಲ್ಲಿ ನೋಡಿದ್ರೆ ಒಂದು ಮುಖ ಚೂರು ಸೊಟ್ಟ ಇದೆ. ಸೂಪು ಆರೋದ್ರೊಳಗೆ ಸರಿಮಾಡಿ ತರ್ತೀನಿ. ಕೊಡಿಲ್ಲಿ ರೆಮಿ."

"ಆಗಲ್ಲ."

ಯಾರು ಅಂದದ್ದೆಂದು ಎಲ್ಲರೂ ತಿರುಗಿ ನೋಡಿದರು. ರೆಮಿಯೂ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

"ಏನಂದೆ?" ಎಂದ ಸೋಯ್.

"ಆಗಲ್ಲ!" ಈ ಸಲ ಜೋರಾಗಿ ಬಂತು. ಉಂಗುರ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದ. ಸೋಯ್‌ನ ಚಮಚ ಸೂಪಿಗೆ ಬಿತ್ತು. ಕಾರೆಲ್‌ನ ಹೆಂಡತಿ ಎದೆ ಮುಟ್ಟಿಕೊಂಡಳು.

"ಹೋಗ್ಲಿ, ನಾನೊಂದು ಸಲ ತಳ ನೋಡ್ಲಾ?" ಎಂದ ಕಾರೆಲ್.

"ಆಗಲ್ಲ!"

"ಹುಡುಗನಿಗೆ ಜ್ವರ ಬಂದಿದೆ" ಎಂದು ಚಿಕ್ಕಪ್ಪ ಬಾಟಲಿ ಎತ್ತಿದ. "ತಗೋಪ್ಪ, ಒಂದು ಗ್ಲಾಸು ಹಾಕ್ಕೋ."

"ಆಗಲ್ಲ!"

ಬಿಯರಿಗೂ ಹಾಗಂದದ್ದು ಕೇಳಿ ಚಿಕ್ಕಪ್ಪನಿಗೆ ಕಣ್ಣು ಕತ್ತಲೆ ಬಂತು. ರೆಮಿಯ ಮುಖ ಕೆಂಪೇರಿತ್ತು, ಮೀಸೆ ಕುಣಿಯುತ್ತಿತ್ತು. ಹೊಸ ಮಾತಿನ ರುಚಿ ಹತ್ತಿಬಿಟ್ಟಿತ್ತು. ಇನ್ನು ಯಾರಾದರೂ ಬನ್ನಿ ಎಂಬಂತೆ ಸುತ್ತ ನೋಡುತ್ತ ನಿಂತಿದ್ದ.

ಕೋಟಿನ ಒಂದು ತೋಳು ಹಾಕಿಕೊಂಡ ವೀರ್ಲೆ ಮೆಲ್ಲಗೆ ಅವನ ಮುಂದೆ ಬಂದಳು. ಕಣ್ಣು ತುಂಬಿತ್ತು. "ರೆಮಿ, ಈಗ ಹೇಳು. ನನ್ನ ಮದ್ವೆ ಆಗ್ತೀಯಾ?"

"ಆಗಲ್ಲ!" ಎಂದು ಗುಡುಗಿದ ರೆಮಿ.

ರೆಮಿಯ ಕೆಂಪು ಮುಖ ಮೊದಲು ಹಳದಿಯಾಗಿ ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಬಾಯಿ ಅಷ್ಟಗಲ ತೆರೆದೇ ಇತ್ತು. ಕಾರೆಲ್‌ನ ಹೆಂಡತಿ ಅಳತೊಡಗಿದಳು.

ವೀರ್ಲೆ ಅವನನ್ನೇ ನೋಡಿದಳು. ಮೊದಲು ಭುಜ ಅಲುಗಿತು, ಆಮೇಲೆ ನಗು ಕಿತ್ತುಕೊಂಡು ಬಂತು. ಮೇಜಿಗೆ ಆತುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅದು ಹಾಗಲ್ಲ ಅನ್ನೋದು" ಎಂದು ಸೋಯ್ ಎದ್ದ. "ಅವನು ಹೇಳಬೇಕಾಗಿದ್ದದ್ದು..."

"ಅಪ್ಪಾ, ಕೂತ್ಕೋ!" ಎಂದಳು ವೀರ್ಲೆ. ರೆಮಿಯ ಮುಷ್ಟಿ ಬಿಡಿಸಿ ಉಂಗುರವನ್ನು ತಾನೇ ಬೆರಳಿಗೆ ಹಾಕಿಕೊಂಡಳು. "ಇಷ್ಟು ಸೊಟ್ಟ ಉತ್ತರ ಈ ಸೀಮೇಲಿ ಯಾರಿಗೂ ಸಿಕ್ಕಿಲ್ಲ. ಇದು ನಂದು. ಯಾರೂ ತಿದ್ದಬೇಡಿ."

ತಿದ್ದುವುದಕ್ಕೆಂದೇ ರೆಮಿ ಬಾಯಿ ಆಡಿಸಿದ. ವೀರ್ಲೆ ತಟ್ಟೆಯಿಂದ ಒಂದು ಆಲೂಗಡ್ಡೆ ಉಂಡೆ ಎತ್ತಿ ಆ ಬಾಯಿಗೆ ತುರುಕಿದಳು.